ಎಲ್‌ಎಸ್‌ಟಿ-325 ಮಾಡೆಲ್: ತುಕ್ಕು ಹಚ್ಚುವ ಮೊದಲು ವರ್ಷ ಗಟ್ಟಿ ಮಾಡಿಕೊಳ್ಳಿ

ಸರ್, ಎಲ್‌ಎಸ್‌ಟಿ, ಅಂದರೆ ಯುದ್ಧ ಟ್ಯಾಂಕುಗಳನ್ನು ನೇರ ದಂಡೆಗೆ ಇಳಿಸುವ ಹಡಗಿನ ಮಾಡೆಲ್ ಕಿಟ್ ತಂದಿದ್ದೀರಿ, 325ನೇ ನಂಬರಿನ ಹಡಗನ್ನೇ ಮಾಡಬೇಕು ಅಂದಿದ್ದೀರಿ. ತುಕ್ಕು ಎಷ್ಟು ಹಚ್ಚಲಿ, ಯುದ್ಧಕ್ಕೆಂದು ಅವಸರದಲ್ಲಿ ಕಟ್ಟಿದ ಹಡಗು ಇಷ್ಟು ವರ್ಷ ಹೇಗೆ ಬಾಳಿತು, ಇವೆರಡು ನಿಮ್ಮ ಪ್ರಶ್ನೆ.

ಬಣ್ಣದ ಡಬ್ಬಿ ತೆರೆಯುವ ಮೊದಲು ಒಂದು ವರ್ಷ ಆರಿಸಿಕೊಳ್ಳಿ. ಈ ಹಡಗು 1942ರ ಅಕ್ಟೋಬರ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೀರಿಗಿಳಿದು, 1943ರ ಫೆಬ್ರವರಿಯಲ್ಲಿ ಸೇವೆಗೆ ಸೇರಿತು. ಎರಡನೇ ಮಹಾಯುದ್ಧದಲ್ಲಿ ಸೈನ್ಯ ದಂಡೆಗಿಳಿದ ಇಟಲಿಯ ಸಿಸಿಲಿ, ಸಲೆರ್ನೊ, ಫ್ರಾನ್ಸ್‌ನ ನಾರ್ಮಂಡಿ ಮೂರನ್ನೂ ಕಂಡಿತು. 1946ರಲ್ಲಿ ಮೂಲೆಗೆ ಸೇರಿದ್ದನ್ನು 1951ರಲ್ಲಿ ಮತ್ತೆ ಎಬ್ಬಿಸಿ ಉತ್ತರ ಧ್ರುವದ ಕಡೆ ಸಾಮಾನು ಸಾಗಿಸಲು ಹಚ್ಚಿದರು. 1964ರಲ್ಲಿ ಗ್ರೀಸ್ ನೌಕಾಪಡೆಗೆ ಹೋಗಿ ‘ಸೈರೋಸ್’ ಎಂಬ ಹೆಸರಲ್ಲಿ 1999ರವರೆಗೆ ದುಡಿಯಿತು. ಒಂದೇ ಮಾಡೆಲ್‌ನಲ್ಲಿ ಇವೆಲ್ಲ ಬೆರೆತರೆ ಅದು ಯಾವ ಕಾಲದ ಹಡಗೂ ಆಗುವುದಿಲ್ಲ.

ನಾರ್ಮಂಡಿಯದನ್ನು ಮಾಡುವುದಾದರೆ ದಯವಿಟ್ಟು ಮೈತುಂಬ ತುಕ್ಕು ಬಳಿಯಬೇಡಿ. 1944ರ ಜೂನ್ 7ರಂದು ನಾರ್ಮಂಡಿಯ ಒಮಾಹಾ ಎಂಬ ದಂಡೆಗೆ ಬಂದಾಗ ಅದು ಸೇವೆಗೆ ಸೇರಿ 16 ತಿಂಗಳಷ್ಟೇ ಆಗಿತ್ತು. ಅಲ್ಲಿ ಬೇಕಾದದ್ದು ಮುಂಭಾಗದ ತಳದಲ್ಲಿ ಮರಳು ಉಜ್ಜಿ ಬಣ್ಣ ಕಿತ್ತ ಗುರುತು. ತುಕ್ಕಿನ ಕೈಚಳಕ ತೋರಿಸುವ ಆಸೆಯಿದ್ದರೆ 2000ದಲ್ಲಿ ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿದ್ದ ಹಡಗನ್ನು ಆರಿಸಿ. ಆಗ ಸರಾಸರಿ 70 ದಾಟಿದ ಅಮೆರಿಕದ ಮಾಜಿ ನಾವಿಕರು ಅಲ್ಲಿಗೆ ಹೋಗಿ, ಬೇಸಿಗೆಯ ಬಿಸಿಲಲ್ಲಿ ತಾವೇ ರಿಪೇರಿ ಮಾಡಿ, ನವೆಂಬರ್‌ನಲ್ಲಿ ಹೊರಟು, ಅಟ್ಲಾಂಟಿಕ್ ದಾಟಿ 2001ರ ಜನವರಿ 10ಕ್ಕೆ ಅಲಬಾಮಾದ ಮೊಬೈಲ್ ಬಂದರು ಮುಟ್ಟಿಸಿದರು. ಇಂದಿಗೂ ನನಗೆ ಇದನ್ನು ಓದಿದರೆ ಗಂಟಲು ಕಟ್ಟುತ್ತದೆ. ಈಗ ಅದು ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ ಮ್ಯೂಸಿಯಂ, ಆದರೆ ತನ್ನದೇ ಎಂಜಿನ್‌ನಲ್ಲಿ ನದಿಯಲ್ಲಿ ಓಡಾಡುವ ಮ್ಯೂಸಿಯಂ.

ಬಾಳಿಕೆಯ ಗುಟ್ಟಿನಲ್ಲಿ ದೊಡ್ಡ ಪಾಲು ಆ ಎಂಜಿನ್‌ನದೇ ಅಂತ ನನ್ನ ಅಭಿಪ್ರಾಯ. ಜನರಲ್ ಮೋಟಾರ್ಸ್‌ನ 12 ಸಿಲಿಂಡರಿನ 567 ಡೀಸೆಲ್, ತಲಾ 900 ಅಶ್ವಶಕ್ತಿಯವು ಎರಡು. ಮೂಲದಲ್ಲಿ ಇದು ರೈಲು ಎಂಜಿನ್. ಒಂದು ಸಿಲಿಂಡರಿಗೆ 567 ಘನ ಇಂಚು, ಅದಕ್ಕೇ ಆ ಹೆಸರು. ಇದೇ ವಂಶದಲ್ಲಿ ಮುಂದೆ 645, ಆಮೇಲೆ 710 ಬಂದವು. ನಮ್ಮ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಎಂಬ ಗೂಡ್ಸ್ ರೈಲು ಎಳೆಯುವ ಗಾಡಿಗಳ ಹೊಟ್ಟೆಯಲ್ಲಿರುವುದು ಆ 710. ಅದೇ ಟೂ ಸ್ಟ್ರೋಕ್, ಸಿಲಿಂಡರುಗಳ ಅದೇ 45 ಡಿಗ್ರಿ ‘ವಿ’ ಜೋಡಣೆ. ರೈಲ್ವೆ ಜಗತ್ತೆಲ್ಲ ಬಳಸುವ ಎಂಜಿನ್ ಆದ್ದರಿಂದ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳಿಗೂ ಬರ ಬರಲಿಲ್ಲ.

ಇನ್ನೊಂದು ಕಾರಣ ತಳದ ವಿನ್ಯಾಸ. 1941ರಲ್ಲಿ ಅಮೆರಿಕ ನೌಕಾಪಡೆಯ ಹಡಗು ವಿನ್ಯಾಸಕ ಜಾನ್ ನೀಡರ್ಮೇರ್ ಹಾಕಿದ ಮೊದಲ ನಕ್ಷೆಯಲ್ಲೇ ಆ ಜಾಣ್ಮೆ ಇತ್ತು: ಹಡಗಿನೊಳಗಿನ ನೀರಿನ ತೊಟ್ಟಿಗಳಿಗೆ ಸಮುದ್ರದ ನೀರು ತುಂಬಿದರೆ ಹಡಗು ಆಳಕ್ಕೆ ಕೂತು ಸಾಗರ ದಾಟುತ್ತದೆ, ನೀರು ಹೊರಹಾಕಿದರೆ ಹಗುರಾಗಿ ದಂಡೆ ಏರುತ್ತದೆ. ಜೆಟ್ಟಿ ಇಲ್ಲದ ಊರಿಗೂ ಲಾರಿ ಇಳಿಸುವ ಹಡಗನ್ನು ಶಾಂತಿಕಾಲದಲ್ಲೂ ಯಾರು ಬಿಡುತ್ತಾರೆ? ಇದೇ ಜಾತಿಯ ಎಲ್‌ಎಸ್‌ಟಿ-510 ಕೂಡ ನಾರ್ಮಂಡಿ ಕಂಡದ್ದೇ, ಆಮೇಲೆ ಅಮೆರಿಕದಲ್ಲಿ ಕಾರು ದಾಟಿಸುವ ಫೆರ್ರಿಯಾಯಿತು.

ಇದು ನಿಮ್ಮ ಡಯೋರಾಮಾಕ್ಕೂ, ಅಂದರೆ ಮಾಡೆಲ್ ಸುತ್ತ ಕಟ್ಟುವ ದೃಶ್ಯಕ್ಕೂ ಬೇಕಾದ ಮಾತು. ದಂಡೆಗೆ ಹತ್ತಿದ ಹಡಗನ್ನು ಮಟ್ಟವಾಗಿ ಕೂರಿಸಬೇಡಿ. ಮುಂದೆ ಸುಮಾರು 4 ಅಡಿ, ಹಿಂದೆ ಸುಮಾರು 10 ಅಡಿ ನೀರು, ಆ ಓರೆ ಕಾಣಬೇಕು. 1/350 ಅಳತೆಯ ಮಾಡೆಲ್‌ನಲ್ಲಿ ಹಡಗಿನ ಉದ್ದ 28.5 ಸೆಂಟಿಮೀಟರ್ ಆಸುಪಾಸು, ಹಿಂಭಾಗ ಮುಂಭಾಗಕ್ಕಿಂತ 5 ಮಿಲಿಮೀಟರ್‌ನಷ್ಟು ಹೆಚ್ಚು ಮುಳುಗಲಿ. ಇನ್ನೂ ಸುಲಭದ ದಾರಿ, ಇಳಿತದಲ್ಲಿ ನೀರು ಸರಿದು ಒಣ ಮರಳ ಮೇಲೆ ಕೂತ ಹಡಗು. ನಾರ್ಮಂಡಿಯಲ್ಲಿ ಹಾಗೇ ಕೂರುತ್ತಿದ್ದವು. ನೀರಿನಂತೆ ಕಾಣಲು ಸುರಿಯುವ ರೆಸಿನ್‌ನ ಖರ್ಚು ಉಳಿಯುತ್ತದೆ, ಚಪ್ಪಟೆ ತಳ, ಎರಡು ಪ್ರೊಪೆಲ್ಲರ್, ಎರಡು ಚುಕ್ಕಾಣಿ ಎಲ್ಲ ಕಾಣುತ್ತವೆ.

ಬಹಳ ಜನ ಮರೆಯುವುದು ಹಿಂದಿನ ಲಂಗರು. ದಂಡೆ ಸೇರುವ ಮೊದಲೇ ಅದನ್ನು ನೀರಿಗೆ ಬಿಟ್ಟು, ವಾಪಸ್ ಹೊರಡುವಾಗ ವಿಂಚ್‌ನಿಂದ ಆ ಹಗ್ಗ ಎಳೆದುಕೊಂಡೇ ಹಡಗು ಹಿಂದೆ ಸರಿಯುತ್ತಿತ್ತು. ಹಾಗಾಗಿ ದಂಡೆಯ ಮೇಲಿನ ಮಾಡೆಲ್‌ನಲ್ಲಿ ಲಂಗರು ತನ್ನ ಜಾಗದಲ್ಲಿ ನೇತಾಡಬಾರದು. ಉಕ್ಕಿನ ಹಗ್ಗ ಹಿಂದಕ್ಕೆ ಚಾಚಿರಲಿ. ಮುಂದಿನ ಬಾಗಿಲು ತೆರೆದಿಡುವುದಾದರೆ ಒಳಗೆ ಯುದ್ಧ ಟ್ಯಾಂಕುಗಳು ನಿಲ್ಲುವ ಟ್ಯಾಂಕ್ ಡೆಕ್‌ಗೆ ಬಣ್ಣ ಹಚ್ಚಿ ಮುಗಿಸಿದ ಮೇಲೆಯೇ ಮೇಲಿನ ಡೆಕ್ ಅಂಟಿಸಿ. ಆಮೇಲೆ ಬ್ರಷ್ ಒಳಗೆ ಹೋಗುವುದಿಲ್ಲ.