ವಾಯ್ಸ್ ಓವರ್ ಧ್ವನಿಮುದ್ರಣದಲ್ಲಿ ಪ್ರತಿಧ್ವನಿಯನ್ನು ಕಡಿಮೆ ಮಾಡುವುದು ಹೇಗೆ?

ರೆಕಾರ್ಡಿಂಗ್ ಮುಗಿದ ಮೇಲೆ ಸಾಫ್ಟ್‌ವೇರ್‌ನಿಂದ ಪ್ರತಿಧ್ವನಿಯನ್ನು ಅಳಿಸಬಹುದೇ ಎಂದು ಕೇಳಿದ್ದೀರಿ. ಪೂರ್ತಿಯಾಗಿ ಅಳಿಸುವುದು ಕಷ್ಟ. ಏಕೆಂದರೆ ಗೋಡೆ, ಗಾಜು, ನೆಲಗಳಿಗೆ ಬಡಿದು ಕೆಲವೇ ಮಿಲಿಸೆಕೆಂಡುಗಳ ನಂತರ ಮೈಕ್‌ಗೆ ಮರಳುವುದೂ ನಿಮ್ಮದೇ ಧ್ವನಿಯಾದ್ದರಿಂದ, ಅದು ಮೂಲದೊಂದಿಗೆ ಬೆರೆತ ಬಳಿಕ ಬೇರ್ಪಡಿಸುವುದು ಫ್ಯಾನಿನ ಸದ್ದನ್ನು ತೆಗೆದಷ್ಟು ಸುಲಭವಲ್ಲ.

ಆದ್ದರಿಂದ ಮೊದಲು ಮೈಕ್‌ನ ಅಂತರವನ್ನು ಸರಿಪಡಿಸಿಕೊಳ್ಳಿ. ಅಂತರ ಅರ್ಧಕ್ಕಿಳಿದಾಗ ನೇರ ಧ್ವನಿಯ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ, ಆದರೆ ಕೊಠಡಿಯ ಅನುರಣನ (ಗೋಡೆಗಳಿಂದ ಮರಳಿ ಉಳಿಯುವ ಗುಂಗು) ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹೀಗಾಗಿ 60 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 15 ಸೆಂಟಿಮೀಟರ್‌ಗೆ ತಂದು, ಗೇನ್ (ಮೈಕ್ ಸಂಕೇತವನ್ನು ಹಿಗ್ಗಿಸುವ ಮಟ್ಟ) ಇಳಿಸಿ, ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಹಾಕಿದರೆ ಆಗುವ ವ್ಯತ್ಯಾಸವನ್ನು ಕಿವಿಯೇ ಹೇಳುತ್ತದೆ.

ಅನೇಕರು ಮೈಕ್‌ನ ಹಿಂಬದಿಗೆ ಮಾತ್ರ ಫೋಮ್ ಇಡುತ್ತಾರೆ. ಆದರೆ ಮುಖ್ಯವಾಗಿ ಮುಂದಿನ ಸದ್ದನ್ನು ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ತನ್ನ ಹಿಂದಿನ ಸದ್ದನ್ನು ತಾನೇ ತಗ್ಗಿಸುತ್ತದೆ. ಅದು ನೇರವಾಗಿ ಹಿಡಿಯುವುದು ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ಬರುವ ಪ್ರತಿಫಲನವನ್ನು. ಆದ್ದರಿಂದ ದಪ್ಪ ಕಂಬಳಿಯನ್ನು ನಿಮ್ಮ ಹಿಂದೆ, ಗೋಡೆಯಿಂದ ಸ್ವಲ್ಪ ಬಿಟ್ಟು ತೂಗುಹಾಕುವುದೇ ಹೆಚ್ಚು ಉಪಯುಕ್ತ. ತೆಳುವಾದ ಫೋಮ್ ಮೇಲಿನ ಆವರ್ತನಗಳನ್ನಷ್ಟೇ ಹೀರುವುದರಿಂದ ಧ್ವನಿ ಡಬ್ಬಿಯೊಳಗಿಂದ ಬಂದಂತೆ ಕೇಳಿಸಬಹುದು. ಬಟ್ಟೆಗಳು ತುಂಬಿದ ಕಪಾಟಿನ ಎದುರು ಮುದ್ರಿಸುವುದಕ್ಕಿಂತ, ಅದಕ್ಕೆ ಬೆನ್ನು ಮಾಡಿ ನಿಂತು ಮುದ್ರಿಸಿ.

ಈಗಾಗಲೇ ಮುದ್ರಿಸಿದ್ದಕ್ಕೆ ಧ್ವನಿ ಸರಿಪಡಿಸುವ ಸಾಫ್ಟ್‌ವೇರ್ ಆದ ಐಜೋಟೋಪ್ ಆರ್‌ಎಕ್ಸ್‌ನ ಡಿ-ರಿವರ್ಬ್‌ನಂಥ ಅನುರಣನ ತಗ್ಗಿಸುವ ಸಾಧನವನ್ನು ಹಿತಮಿತವಾಗಿ ಬಳಸಿ. ಅತಿಯಾದರೆ ಸಕಾರ, ಶಕಾರಗಳು ಲೋಹದಂತೆ ಕೀರಲಾಗುತ್ತವೆ. ನಿಗದಿತ ಮಟ್ಟಕ್ಕಿಂತ ಮೆಲುವಾದ ಸದ್ದನ್ನು ಅಡಗಿಸುವ ನಾಯ್ಸ್ ಗೇಟ್ ಪದಗಳ ನಡುವಿನ ಅನುರಣನದ ಬಾಲವನ್ನಷ್ಟೇ ಕತ್ತರಿಸುತ್ತದೆ. ಜೋರು ಮತ್ತು ಮೆಲು ಸದ್ದುಗಳ ಅಂತರ ತಗ್ಗಿಸುವ ಕಂಪ್ರೆಸರ್ ಅಡಗಿದ್ದ ಅನುರಣನವನ್ನು ಮೇಲೆತ್ತುವುದರಿಂದ ಅದನ್ನು ಡಿ-ರಿವರ್ಬ್‌ನ ನಂತರವೇ ಹಾಕಿ.