ಅಮೆರಿಕದ ಸರ್ಕಾರಿ ಶಾಲೆಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಅಮೆರಿಕದ ಸರ್ಕಾರಿ ಶಾಲೆಗಳ ಖರ್ಚನ್ನು ವಾಷಿಂಗ್ಟನ್ ನೋಡಿಕೊಳ್ಳುತ್ತದಾ ಎಂದು ಕೇಳಿದ್ದೀರಿ. ಇಲ್ಲ. ಸಾಮಾನ್ಯ ವರ್ಷಗಳಲ್ಲಿ ಕೇಂದ್ರದ ಪಾಲು ಸುಮಾರು ಹತ್ತರಲ್ಲಿ ಒಂದು ಭಾಗ ಅಷ್ಟೇ. ಅದೂ ಗೊತ್ತಾದ ಕೆಲಸಗಳಿಗೆ: ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ 1965ರ ಶಿಕ್ಷಣ ಕಾಯ್ದೆಯ ‘ಟೈಟಲ್ ಒನ್’ ಎಂಬ ಭಾಗದ ಹಣ, ಅಂಗವಿಕಲ ಮಕ್ಕಳ ಕಲಿಕೆ, ಮಧ್ಯಾಹ್ನದ ಊಟ. ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ಆಡಳಿತ ಹೆಚ್ಚುಕಡಿಮೆ ಅರ್ಧರ್ಧ ಹೊರುತ್ತವೆ. ರಾಜ್ಯದ ಹಣ ಮುಖ್ಯವಾಗಿ ಆದಾಯ ತೆರಿಗೆ, ಮಾರಾಟ ತೆರಿಗೆಯಿಂದ ಬರುತ್ತದೆ.

ತೊಡಕು ಇರುವುದು ಸ್ಥಳೀಯ ಪಾಲಿನಲ್ಲಿ. ಅದು ಬಹುತೇಕ ಆಸ್ತಿ ತೆರಿಗೆ. ಮನೆಗೆ ಬರುವ ತೆರಿಗೆ ಬಿಲ್ ಬಿಡಿಸಿ ನೋಡಿದರೆ, ಎಷ್ಟೋ ಊರುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ‘ಸ್ಕೂಲ್ ಡಿಸ್ಟ್ರಿಕ್ಟ್’ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಎಂಬ ಸಾಲಿನ ಮುಂದೆ ಇರುತ್ತದೆ. ಮನೆಗಳ ಬೆಲೆ ಜಾಸ್ತಿ ಇದ್ದ ಕಡೆ ಕಡಿಮೆ ದರದಲ್ಲೇ ಬೇಕಾದಷ್ಟು ಹಣ ಕೂಡುತ್ತದೆ. ಪಕ್ಕದ ಬಡ ಊರು ದರ ಏರಿಸಿದರೂ ಅಷ್ಟು ಹುಟ್ಟುವುದಿಲ್ಲ. ಮಕ್ಕಳ ಮಟ್ಟಿಗೆ ಇದು ಅನ್ಯಾಯ ಅಲ್ವಾ?

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಪೋಷಕರು ಇದನ್ನೇ ಹಿಡಿದು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–4ರಿಂದ ಸೋತರು. ಆಮೇಲೆ ಹೋರಾಟ ರಾಜ್ಯಗಳ ಕೋರ್ಟುಗಳಲ್ಲಿ ನಡೆಯಿತು. ಈಗ ಟೆಕ್ಸಾಸ್, ಆಸ್ತಿ ಬೆಲೆ ಜಾಸ್ತಿ ಇರುವ ಡಿಸ್ಟ್ರಿಕ್ಟ್‌ಗಳಿಂದ ತೆರಿಗೆಯ ಒಂದು ಭಾಗವನ್ನು ವಾಪಸ್ ಪಡೆಯುತ್ತದೆ. ಹವಾಯಿಯಲ್ಲಂತೂ ಇಡೀ ರಾಜ್ಯಕ್ಕೆ ಒಂದೇ ಡಿಸ್ಟ್ರಿಕ್ಟ್.