ನೆದರ್‌ಲೆಂಡ್ಸ್‌ನವರು ಅಷ್ಟೂ ದ್ರಾಕ್ಷಿ ತಿಂತಾರಾ?

ಪ್ರಶ್ನೆ: ಸರ್, ನಮ್ಮ ಬೀಗರು ನಾಸಿಕ್ ಕಡೆಯವರು. ಅವರ ದ್ರಾಕ್ಷಿ ಕಂಟೇನರ್ ಪ್ರತಿ ವರ್ಷ ನೆದರ್‌ಲೆಂಡ್ಸ್‌ಗೇ ಹೋಗುತ್ತದೆ. ಆ ದೇಶದ ಜನ 1.8 ಕೋಟಿ ಅಂತ ಮಗ ಫೋನಿನಲ್ಲಿ ನೋಡಿ ಹೇಳಿದ. ಅಷ್ಟೂ ದ್ರಾಕ್ಷಿ ಅವರೇ ತಿಂತಾರಾ? ಇಷ್ಟು ಸಣ್ಣ ದೇಶ ಅಷ್ಟು ಶ್ರೀಮಂತ ಹೇಗಾಯಿತು?
– ದ್ರಾಕ್ಷಿ ಬೆಳೆಗಾರರು, ತಿಕೋಟಾ

ಉತ್ತರ: ತಿನ್ನುವುದಿಲ್ಲ. ತಿಂದರೆ ಅವರ ಹೊಟ್ಟೆ ಕೆಡುತ್ತದೆ, ವ್ಯಾಪಾರವೂ ಕೆಡುತ್ತದೆ.

ಕಾಲೇಜಿನಲ್ಲಿ ಕಾಮರ್ಸ್ ಕಲಿಸುವ ಮೊದಲು ನಾನು ವಿಜಯಪುರದ ಎಪಿಎಂಸಿಯಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತಿದ್ದೆ. ಮಾಲೀಕರಿಗೆ ಒಂದು ಗುಂಟೆ ಹೊಲ ಇರಲಿಲ್ಲ. ಆದರೆ ಸುತ್ತಲಿನ ಹಳ್ಳಿಗಳ ಜೋಳ, ಕಡಲೆ, ಕುಸುಬಿ ಬಂದು ಬೀಳುತ್ತಿದ್ದುದು ಅವರ ಕಟ್ಟೆಗೇ. ತೂಕ ಅಲ್ಲಿ, ಸವಾಲು ಅಲ್ಲಿ. ಯಾವ ಊರಿನ ವ್ಯಾಪಾರಿಗೆ ಎಂಥ ಮಾಲು ಬೇಕು ಅನ್ನುವ ಲೆಕ್ಕ ಮಾತ್ರ ಅವರ ತಲೆಯಲ್ಲಿ. ನೆದರ್‌ಲೆಂಡ್ಸ್ ಅಂದರೆ ಯುರೋಪಿನ ಅಡತಿ ಅಂಗಡಿ.

ಜಾಗ ಅಂಥದ್ದು. ಸ್ವಿಟ್ಜರ್‌ಲೆಂಡ್‌ನಿಂದ ಜರ್ಮನಿಯ ಕಾರ್ಖಾನೆಗಳ ನಡುವೆ ಹರಿದು ಬರುವ ರೈನ್ ನದಿ ಅಲ್ಲೇ ಸಮುದ್ರ ಸೇರುತ್ತದೆ. ಮುಖದಲ್ಲಿ ರಾಟರ್‌ಡ್ಯಾಮ್ ಬಂದರು. 1872ರಲ್ಲಿ ಸಮುದ್ರಕ್ಕೆ ನೇರ ಕಾಲುವೆ ತೋಡಿದ ಮೇಲೆ ದೊಡ್ಡ ಹಡಗುಗಳು ಒಳಗೆ ಬಂದವು. 1962ರಿಂದ 2004ರವರೆಗೆ ಜಗತ್ತಿನ ಅತಿ ದೊಡ್ಡ ಬಂದರು ಅದೇ. ಈಗ ಏಷ್ಯಾದ ಬಂದರುಗಳು ಮುಂದೆ ಹೋಗಿವೆ, ಆದರೂ ವರ್ಷಕ್ಕೆ 43 ಕೋಟಿ ಟನ್ ಆಸುಪಾಸು ಮಾಲು ಹತ್ತಿ ಇಳಿಯುತ್ತದೆ. ಜಾಗ ಸಾಲದಾದಾಗ ಸಮುದ್ರಕ್ಕೆ ಮರಳು ಸುರಿದು ಹೊಸ ನೆಲ ಮಾಡಿ, 2013ರಲ್ಲಿ ಅದರ ಮೇಲೂ ಬಂದರು ಕಟ್ಟಿದರು. ದೇಶದ ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ನೀರಿನ ಜತೆ ಜಗಳ ಅವರಿಗೆ ಹೊಸದಲ್ಲ.

ಈಗ ನಿಮ್ಮ ಬೀಗರ ದ್ರಾಕ್ಷಿ. ಮುಂಬೈ ಹತ್ತಿರದ ನ್ಹಾವಾ ಶೇವಾದಲ್ಲಿ ತಂಪು ಕಂಟೇನರಿನಲ್ಲಿ ಹಡಗು ಹತ್ತಿ ರಾಟರ್‌ಡ್ಯಾಮ್‌ನಲ್ಲಿ ಇಳಿಯುತ್ತದೆ. ಅಲ್ಲಿ ಪೆಟ್ಟಿಗೆ ತೆರೆದು ನೋಡಿ, ಬೇಕಾದರೆ ಸಣ್ಣ ಡಬ್ಬಿಗೆ ಹಾಕಿ, ಜರ್ಮನಿಗೂ ಬೇರೆ ದೇಶಗಳಿಗೂ ಲಾರಿಯಲ್ಲಿ ಕಳಿಸುತ್ತಾರೆ. ನಮ್ಮ ದ್ರಾಕ್ಷಿಗಿಂತ ಮೊದಲು ದಕ್ಷಿಣ ಆಫ್ರಿಕಾದ್ದು ಬಂದಿರುತ್ತದೆ, ನಮ್ಮದು ಮುಗಿದ ಮೇಲೆ ಈಜಿಪ್ಟ್, ಇಟಲಿಯದು. ಅಂಗಡಿ ಮಾತ್ರ ವರ್ಷವಿಡೀ ತೆರೆದೇ ಇರುತ್ತದೆ. ನಮ್ಮ ದೇಶದ ರಫ್ತಿನ ಲೆಕ್ಕದಲ್ಲಿ 2023-24ರಲ್ಲಿ ಅಮೆರಿಕ, ಯುಎಇ ಬಿಟ್ಟರೆ ನೆದರ್‌ಲೆಂಡ್ಸೇ ಮೂರನೆಯದು. ಅದರಲ್ಲಿ ದೊಡ್ಡ ಪಾಲು ನಮ್ಮ ರಿಫೈನರಿಗಳ ಡೀಸೆಲ್, ವಿಮಾನದ ಇಂಧನ. ಅದನ್ನೂ ಅವರೊಬ್ಬರೇ ಸುಡುವುದಿಲ್ಲ.

ಆದರೆ ಬರೀ ಅಡತಿಯಿಂದ ಯಾರೂ ಇಷ್ಟು ಶ್ರೀಮಂತರಾಗುವುದಿಲ್ಲ. ಬೇರೆಯವರ ಮಾಲನ್ನು ದಾಟಿಸಿದರೆ ಒಂದು ಯೂರೋದಲ್ಲಿ ದೇಶಕ್ಕೆ ಉಳಿಯುವುದು ಸುಮಾರು 10 ಸೆಂಟ್. ತಾವೇ ಮಾಡಿದ ಮಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಅದಕ್ಕೇ ಅವರು ಗಾಜಿನ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ, ತರಕಾರಿ ಬೀಜ ಮಾರುತ್ತಾರೆ. ವಾಖನಿಂಗನ್ ಎಂಬ ಊರಿನಲ್ಲಿ 1918ರಿಂದ ಉನ್ನತ ಕೃಷಿ ಕಾಲೇಜು ಇದೆ, ಈಗ ಅದು ವಿಶ್ವವಿದ್ಯಾಲಯ. ಕರ್ನಾಟಕದ ಕಾಲು ಭಾಗವೂ ಇಲ್ಲದ ದೇಶ ಕೃಷಿ ಮಾಲಿನ ರಫ್ತಿನ ಬೆಲೆಯಲ್ಲಿ ಅಮೆರಿಕದ ನಂತರ ನಿಲ್ಲುತ್ತದೆ ಅಂತ ಬಹಳ ಕಾಲದಿಂದ ಹೇಳುತ್ತಾರೆ. ಹಾಗೆ ಹೇಳುವಾಗ ಮರುರಫ್ತೂ, ಅಂದರೆ ಬೇರೆ ದೇಶದಿಂದ ತಂದು ಮತ್ತೆ ಹೊರಗೆ ಕಳಿಸಿದ ಮಾಲೂ, ಅದರಲ್ಲಿ ಸೇರಿದೆ ಅನ್ನುವುದನ್ನು ಮರೆಯುತ್ತಾರೆ.

ಒಂದು ಕಹಿ ಮಾತು. 2010ರಲ್ಲಿ ನಮ್ಮ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ, ಬಳ್ಳಿಯ ಬೆಳವಣಿಗೆ ತಡೆಯುವ ರಾಸಾಯನಿಕದ ಅಂಶ ಸಿಕ್ಕಿತು ಅಂತ ಯುರೋಪಿನಲ್ಲಿ ಕಂಟೇನರುಗಳು ನಿಂತವು, ನಾಸಿಕ್ ಕಡೆಯ ರೈತರು ಮುಳುಗಿದರು. ನಿಮ್ಮ ಬೀಗರನ್ನೇ ಕೇಳಿ, ಕಥೆ ಉದ್ದ ಇದೆ. ತಕ್ಕಡಿ ಯಾರ ಕೈಯಲ್ಲಿದೆಯೋ ನಿಯಮವೂ ಅವರದೇ. ತಿಕೋಟಾದ ಒಣದ್ರಾಕ್ಷಿ ತಾಸಗಾಂವ್, ಸಾಂಗ್ಲಿಗೆ ಹೋಗಿ ದರ ಕೇಳುವುದು ನಿಮಗೆ ಗೊತ್ತೇ ಇದೆ. ಅಲ್ಲೂ ನಡೆಯುವುದು ಇದೇ. ಶೆಡ್ ಹಾಕಿ ಒಣಗಿಸುವುದು ನಾವು ಕಲಿತೆವು. ಗ್ರೇಡ್ ಮಾಡಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ಕೊಳ್ಳುವವರನ್ನು ನಮ್ಮ ಬಾಗಿಲಿಗೆ ಬರಿಸುವುದು ಇನ್ನೂ ಪೂರ್ತಿ ಆಗಿಲ್ಲ.

ಪ್ರಶ್ನೆ: ಅವರ ಸಿರಿತನವೆಲ್ಲ ವಸಾಹತುಗಳ ಲೂಟಿ ಅಲ್ವಾ ಸರ್?
– ಬಿ.ಕಾಂ. ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಎಲ್ಲ ಅಲ್ಲಮ್ಮ, ಆದರೆ ಸಣ್ಣ ಪಾಲೂ ಅಲ್ಲ. 1602ರಲ್ಲಿ ಹುಟ್ಟಿದ ಅವರ ಈಸ್ಟ್ ಇಂಡಿಯಾ ಕಂಪನಿ ಮೆಣಸು, ಜಾಕಾಯಿಗಾಗಿ ಮಾಡಿದ್ದು ಸುಮ್ನೆ ವ್ಯಾಪಾರ ಅಲ್ಲ. 1830ರಿಂದ ಜಾವಾದ ರೈತರ ಕೈಯಲ್ಲಿ ಬಲವಂತವಾಗಿ ಕಾಫಿ, ಸಕ್ಕರೆ, ನೀಲಿ ಬೆಳೆಸಿದರು. 1850ರ ದಶಕದಲ್ಲಿ ಡಚ್ ಸರ್ಕಾರದ ಆದಾಯದಲ್ಲಿ ಮೂರನೇ ಒಂದು ಪಾಲಿನಷ್ಟು ಅಲ್ಲಿಂದಲೇ ಬಂತು. ಗುಲಾಮಗಿರಿಗಾಗಿ ಅವರ ರಾಜ 2023ರ ಜುಲೈ 1ರಂದು ಕ್ಷಮೆ ಕೇಳಿದರು. ಇನ್ನೊಂದನ್ನೂ ಬರೆದುಕೋ: 1949ರಲ್ಲಿ ಇಂಡೋನೇಷ್ಯಾ ಕೈಬಿಟ್ಟಿತು, ದೇಶ ಬಡವಾಗಲಿಲ್ಲ. ಜರ್ಮನಿ ಬೆಳೆಯಿತು, ಅದರ ಬಾಗಿಲಲ್ಲಿ ಕೂತವರೂ ಬೆಳೆದರು. ಪರೀಕ್ಷೆಯಲ್ಲಿ ಎರಡನ್ನೂ ಬರೆ.

ಪ್ರಶ್ನೆ: ಹೊರಗಿನ ವ್ಯಾಪಾರವನ್ನೇ ನಂಬಿದರೆ ಗ್ರಹಚಾರ ಕೆಟ್ಟಾಗ ಏನು ಗತಿ?
– ಫೌಂಡ್ರಿ ಮಾಲೀಕರು, ಉದ್ಯಮಬಾಗ, ಬೆಳಗಾವಿ

ಉತ್ತರ: ಆರ್ಡರ್ ನಿಂತರೆ ಕುಲುಮೆ ಆರುತ್ತದೆ, ನಿಮಗೆ ನಾನು ಹೇಳಬೇಕೇ? 2009ರಲ್ಲಿ ಜಗತ್ತಿನ ವ್ಯಾಪಾರ ಕುಸಿದಾಗ ನೆದರ್‌ಲೆಂಡ್ಸ್‌ನ ಒಟ್ಟು ದೇಶೀಯ ಉತ್ಪನ್ನ ಸುಮಾರು ಶೇ 4ರಷ್ಟು ಬಿತ್ತು. ಆದರೆ ಅವರಿಗೆ ಹೆಚ್ಚು ಪೆಟ್ಟು ಕೊಟ್ಟಿದ್ದು ಅದೃಷ್ಟ ಅಂತ ನನ್ನ ಲೆಕ್ಕ. 1959ರಲ್ಲಿ ಅವರ ಖ್ರೋನಿಂಗನ್ ಪ್ರಾಂತ್ಯದಲ್ಲಿ ನೆಲದಡಿ ಭಾರಿ ಗ್ಯಾಸ್ ಸಿಕ್ಕಿತು. ದುಡ್ಡು ಸುರಿಯಿತು, ಅವರ ಆಗಿನ ನಾಣ್ಯ ಗಿಲ್ಡರ್ ದುಬಾರಿಯಾಯಿತು, ಉಳಿದ ಕಾರ್ಖಾನೆಗಳ ಮಾಲು ಹೊರಗೆ ಮಾರಲಾಗದೆ ನಿಂತಿತು. 1982ರಲ್ಲಿ ಕಾರ್ಮಿಕ ಸಂಘಗಳೂ ಮಾಲೀಕರೂ ಕೂತು ಒಪ್ಪಂದ ಮಾಡಿದರು: ಕೂಲಿ ಏರಿಕೆ ತಡೆಯೋಣ, ಕೆಲಸದ ಗಂಟೆ ಕಡಿಮೆ ಮಾಡೋಣ. ಆಮೇಲೆ ನಿಧಾನವಾಗಿ ಸುಧಾರಿಸಿತು. ಗ್ಯಾಸ್ ತೆಗೆದು ತೆಗೆದು ಭೂಮಿ ನಡುಗಿ ಮನೆಗಳು ಬಿರುಕು ಬಿಟ್ಟ ಮೇಲೆ ಆ ಬಾವಿಗಳನ್ನೂ ಮುಚ್ಚಿದರು.

ಈಗಿನ ಗ್ರಹಚಾರ ಬೇರೆ. ಫೆಲ್ಡ್‌ಹೋವನ್ ಎಂಬ ಊರಿನ ಎಎಸ್‌ಎಂಎಲ್ ಕಂಪನಿ ಅತಿ ಸೂಕ್ಷ್ಮ ಚಿಪ್ ತಯಾರಿಸುವ ಯಂತ್ರ ಮಾಡುತ್ತದೆ, ಅಂಥದ್ದನ್ನು ಮಾಡಿ ಮಾರುವವರು ಬೇರೆ ಯಾರೂ ಇಲ್ಲ. ಗಿರಾಕಿ ಚೀನಾ ದುಡ್ಡು ಹಿಡಿದು ನಿಂತಿದೆ. ಅಮೆರಿಕ ಬೇಡ ಅನ್ನುತ್ತದೆ. ಅವರ ಸರ್ಕಾರ ಪರವಾನಗಿ ಕೊಡುತ್ತಿಲ್ಲ. ಮಾಲು ಚೆನ್ನಾಗಿದೆ, ದರ ಚೆನ್ನಾಗಿದೆ, ಆದರೂ ಮಾರುವ ಹಾಗಿಲ್ಲ. ಅಂಥ ಆರ್ಡರ್ ನಿಮಗೆ ಬರದಿರಲಿ ಮಾಲೀಕರೇ.